ಕನಸನ್ನು ತಿನ್ನುವ ಬಕು

ಕೆಟ್ಟ ಕನಸು ಕಂಡು ಬೆಚ್ಚಿ ಎದ್ದ ಮಗುವಿನ ಹಣೆಗೆ ನಮ್ಮ ಮನೆಗಳಲ್ಲಿ ಅಜ್ಜಿಯರು ಚಿಟಿಕೆ ವಿಭೂತಿ ಹಚ್ಚಿ, ದೇವರ ಹೆಸರು ಹೇಳಿಸಿ, ಮಗ್ಗುಲು ಬದಲಿಸಿ ಮಲಗಿಸುವುದುಂಟು. ಜಪಾನಿನಲ್ಲಿ ಇಂತಹ ಮಗುವಿಗೆ ಹೇಳಿಕೊಡುವ ಉಪಾಯವೇ ಬೇರೆ. ಬಕು ಎಂಬ ಪ್ರಾಣಿಯನ್ನು ಮೂರು ಸಲ ಕರೆದು, ಬಂದು ತನ್ನ ಕನಸನ್ನು ತಿಂದುಬಿಡುವಂತೆ ಬೇಡಿಕೊಳ್ಳಬೇಕು. ಬಕು ಬಂದು ಕನಸನ್ನು ನುಂಗಿ ಹೋಗುತ್ತದೆ. ಮಗು ಸುಖವಾಗಿ ನಿದ್ರಿಸುತ್ತದೆ. ಹಗಲೂಟಕ್ಕೆ ಬಕು ಏನು ಮಾಡುವುದೋ ಹೇಳಿದವರಿಲ್ಲ.

ಈ ಪ್ರಾಣಿಯ ತವರು ಚೀನಾ ದೇಶ. ಅಲ್ಲಿ ಅದರ ಹೆಸರು ಮೋ. ಆನೆಯ ಸೊಂಡಿಲು, ಖಡ್ಗಮೃಗದ ಕಣ್ಣು, ಎತ್ತಿನ ಬಾಲ, ಹುಲಿಯ ಪಾದ. ಸೃಷ್ಟಿಕರ್ತನು ದಿನದ ಕೆಲಸ ಮುಗಿಸಿದ ಮೇಲೆ ಉಳಿದ ಚೂರುಪಾರುಗಳನ್ನು ಒಟ್ಟುಗೂಡಿಸಿ ಮಾಡಿದಂತಿದೆ. ಟಾಂಗ್ ರಾಜವಂಶದ ಕಾಲದ ಮಹಾಕವಿ ಬಾಯ್ ಜ್ಯೂಯಿ (೭೭೨–೮೪೬) ತಲೆಶೂಲೆಯಿಂದ ಬಳಲುತ್ತಿದ್ದವನು. ಮಲಗುವಾಗ ತಲೆಗೆ ಗಾಳಿ ಸೋಕದಂತೆ ಚಿಕ್ಕದೊಂದು ಪರದೆಯನ್ನು ನಿಲ್ಲಿಸಿಕೊಳ್ಳುತ್ತಿದ್ದನು. ಆ ಪರದೆಯ ಮೇಲೆ ಚಿತ್ರಗಾರನಿಂದ ಮೋ ಮೃಗವನ್ನು ಬರೆಯಿಸಿ, ಅದನ್ನು ಕುರಿತು ಒಂದು ಪ್ರಶಸ್ತಿಯನ್ನೂ ರಚಿಸಿದನು. ಅದರ ಚರ್ಮದ ಮೇಲೆ ಮಲಗಿದರೆ ರೋಗ ಬಾರದು, ಅದರ ಚಿತ್ರವನ್ನು ಬರೆದರೆ ಕೇಡು ತಟ್ಟದು ಎಂಬುದು ಆ ಕಾಲದ ನಂಬಿಕೆ. ಆದರೆ ಚೀನಾದ ಮೋ ಕನಸನ್ನು ತಿನ್ನುತ್ತಿರಲಿಲ್ಲ. ಕಬ್ಬಿಣ ಮತ್ತು ತಾಮ್ರವನ್ನು ತಿನ್ನುತ್ತಿತ್ತು! ಸಮುದ್ರವನ್ನು ದಾಟಿ ಜಪಾನನ್ನು ಸೇರಿದ ಮೇಲೆ ಅದರ ಆಹಾರಕ್ರಮ ಬದಲಾಯಿತು. ನಮ್ಮ ಊರುಗಳಿಂದ ಮುಂಬಯಿಗೆ ಬಂದ ಹಿರಿಯರು ಕುಚ್ಚಲಕ್ಕಿಯ ಗಂಜಿಯನ್ನು ಬಿಟ್ಟು ವಡಾಪಾವಿಗೆ ಒಗ್ಗಿಕೊಂಡ ಹಾಗೆ ಎಂದು ನಮ್ಮಲ್ಲೊಬ್ಬನು ಹೇಳಿದ ಉಪಮೆಯನ್ನು ಇಲ್ಲಿ ಸೇರಿಸದೆ ಇರಲಾರೆವು.

ಜಪಾನೀಯರು ಹೊಸ ವರ್ಷದ ಮೊದಲ ಕನಸಿಗೆ ಬಹಳ ಬೆಲೆ ಕೊಡುವವರು. ಜನವರಿ ೨ರ ರಾತ್ರಿ, ಏಳು ಮಂದಿ ಭಾಗ್ಯದೇವತೆಗಳು ಕುಳಿತ ನಿಧಿಯ ಹಡಗಿನ ಚಿತ್ರವನ್ನು ದಿಂಬಿನಡಿಯಲ್ಲಿ ಇಟ್ಟು ಮಲಗುವ ಪದ್ಧತಿ ಅಲ್ಲಿ ಹಿಂದಿನಿಂದ ಬಂದಿದೆ. ಹಡಗಿನ ಹಾಯಿಯ ಮೇಲೆ ಬಕು ಎಂಬ ಅಕ್ಷರವನ್ನು ಬರೆಯುವುದೂ ಉಂಟು. ಕೆಟ್ಟ ಕನಸು ಬಿದ್ದರೆ ಅದರ ಹೊಣೆ ಬಕುವಿನದು. ಒಳ್ಳೆಯ ಕನಸು ಯಾವುದೆಂದರೆ, ಮೊದಲನೆಯದು ಫುಜಿ ಪರ್ವತ, ಎರಡನೆಯದು ಗಿಡುಗ, ಮೂರನೆಯದು ಬದನೆಕಾಯಿ. ಬದನೆಗೆ ಅವರು ಹೇಳುವ ನಾಸು ಎಂಬ ಮಾತಿಗೂ, ಸಾಧಿಸುವುದು ಎಂಬ ಅರ್ಥದ ಮಾತಿಗೂ ಉಚ್ಚಾರಣೆ ಒಂದೇ. ಆದುದರಿಂದ ಬದನೆಕಾಯಿಗೆ ಈ ಪಟ್ಟ. ಇದುವರೆಗೆ ಪುಸ್ತಕದ ಬದನೆಕಾಯಿಯನ್ನು ಮಾತ್ರ ಬಲ್ಲ ನಮಗೆ ಇದೊಂದು ಹೊಸ ಸಮಾಧಾನ.

ಕಿರಿಯ ತರಗತಿಯ ಗೆಳೆಯರು ಬಕುವನ್ನು ಅರಿಯದೆಯೇ ಕಂಡಿರಬಹುದು. ೧೯೯೬ರಲ್ಲಿ ಆಟವಾಗಿ ಹುಟ್ಟಿ ಅನಂತರ ದೂರದರ್ಶನದ ಪರದೆಗೆ ಬಂದ ಪೊಕೆಮಾನಿನಲ್ಲಿ, ಹಳದಿ ಮತ್ತು ಕಂದು ಬಣ್ಣದ, ಗಿಡ್ಡ ಸೊಂಡಿಲಿನ ಡ್ರೌಜಿ ಎಂಬ ಜೀವಿಯೊಂದಿದೆಯಲ್ಲವೆ? ಅದೂ ಇದೇ ವಂಶದ್ದು. ಆದರೆ ನಾವು ಹೇಳಹೊರಟಿರುವ ಬಕು ಇನ್ನೊಂದು. ಅದನ್ನು ನಾವು ಹತ್ತನೆಯ ತರಗತಿಯ ಹನ್ನೊಂದು ಮಂದಿಯೂ ಸಹಪಾಠಿಯೊಬ್ಬನ ಅಣ್ಣನ ಕಂಪ್ಯೂಟರಿನಲ್ಲಿ, ಒಂದು ಭಾನುವಾರ, ಇಂಗ್ಲಿಷಿನ ಅಡಿಬರಹದ ನೆರವಿನಿಂದ ಕಂಡೆವು. ಕೋಣೆ ಚಿಕ್ಕದು, ಇಬ್ಬರು ಬಾಗಿಲ ಹೊರಗೆ ನಿಂತು ಇಣುಕಿದರು.

ಜಪಾನಿನಲ್ಲಿ ಮಾಡುವ ಚಿತ್ರಚಲನದ ಕಥೆಗಳಿಗೆ ಅನಿಮೆ ಎಂದು ಹೆಸರೆಂಬುದನ್ನು ನೀವು ಬಲ್ಲಿರಿ. ತಾಕಾಹಾಶಿ ರೂಮಿಕೊ ಎಂಬ ಮಹಿಳೆ ೧೯೭೮ರಿಂದ ೧೯೮೭ರವರೆಗೆ ಬರೆದ ಉರುಸೇಯ್ ಯಾತ್ಸುರ ಎಂಬ ನಗೆಯ ಚಿತ್ರಕಥೆಯು ೧೯೮೧ರಲ್ಲಿ ಅನಿಮೆಯಾಯಿತು. ೨೦೨೨ರಿಂದ ೨೦೨೪ರವರೆಗೆ ಮತ್ತೆ ಹೊಸದಾಗಿ ತಯಾರಾಯಿತು. ಅನ್ಯಗ್ರಹದಿಂದ ಬಂದ ಕೊಂಬಿನ ರಾಕ್ಷಸಕನ್ಯೆ ಲಮ್, ಅವಳು ಮನಸ್ಸಿಟ್ಟ ಅತಾರು ಎಂಬ ಶುದ್ಧ ಪೋಲಿ ಹುಡುಗ, ಅವನ ಸಹಪಾಠಿಗಳು, ಇವರ ರಂಪವೇ ಕಥೆ. ಓಶಿಯಿ ಮಾಮೊರು ಎಂಬ ನಿರ್ದೇಶಕನು ಇದೇ ಪಾತ್ರಗಳನ್ನು ಇಟ್ಟುಕೊಂಡು ೧೯೮೪ರ ಫೆಬ್ರವರಿಯಲ್ಲಿ ತೆರೆಗೆ ತಂದ ಚಲನಚಿತ್ರದ ಹೆಸರು ಬ್ಯೂಟಿಫುಲ್ ಡ್ರೀಮರ್. ಎಂದರೆ ಸುಂದರ ಕನಸುಗಾತಿ.

ಅಲ್ಲಿನ ಶಾಲೆಗಳಲ್ಲಿ ವರ್ಷಕ್ಕೊಮ್ಮೆ ಸಂಸ್ಕೃತಿ ಉತ್ಸವ ನಡೆಯುತ್ತದೆ. ಒಂದೊಂದು ತರಗತಿಯೂ ಒಂದು ನಾಟಕವನ್ನೋ ಪ್ರದರ್ಶನವನ್ನೋ ಕಾಫಿ ಅಂಗಡಿಯನ್ನೋ ಏರ್ಪಡಿಸಬೇಕು. ನಮ್ಮ ವಾರ್ಷಿಕೋತ್ಸವದ ಅಣ್ಣನೆನ್ನಿ. ಕಥೆ ತೊಡಗುವುದು ಉತ್ಸವದ ಹಿಂದಿನ ದಿನ. ಎಲ್ಲೆಡೆ ಹಲಗೆ ಬಡಿಯುವ ಸದ್ದು, ಬಣ್ಣದ ಡಬ್ಬಿ, ವೇಷ ತೊಟ್ಟು ಓಡಾಡುವವರು, ಕೂಗಾಟ. ಅತಾರುವಿನ ತರಗತಿಯವರಂತೂ ಸಿರಿವಂತ ಸಹಪಾಠಿಯೊಬ್ಬನ ದಯೆಯಿಂದ ನಿಜವಾದ ಯುದ್ಧಟ್ಯಾಂಕೊಂದನ್ನು ಕೋಣೆಯೊಳಗೆ ತಂದು ನಿಲ್ಲಿಸಿದ್ದಾರೆ. ರಾತ್ರಿಯಾದರೂ ಕೆಲಸ ಮುಗಿಯುವುದಿಲ್ಲ. ಎಲ್ಲರೂ ಶಾಲೆಯಲ್ಲಿಯೇ ಮಲಗುತ್ತಾರೆ. ಬೆಳಗಾಗುತ್ತದೆ. ಎದ್ದು ನೋಡಿದರೆ ಅಂದೂ ಉತ್ಸವದ ಹಿಂದಿನ ದಿನವೇ!

ಇದನ್ನು ಮೊದಲು ಗಮನಿಸುವವರು ತರಗತಿಯ ಅಧ್ಯಾಪಕರು. ನಿನ್ನೆಯೂ ಉತ್ಸವದ ಹಿಂದಿನ ದಿನವಾಗಿತ್ತು, ಮೊನ್ನೆಯೂ ಆಗಿತ್ತು ಎಂದು ಅವರಿಗೆ ಅನುಮಾನ ಹುಟ್ಟುತ್ತದೆ. ದಣಿವಿನಿಂದ ಹೀಗಾಗಿದೆಯೇನೋ ಎಂದು ಮನೆಗೆ ಹೋಗಿ ಬಾಗಿಲು ತೆರೆದರೆ, ಕೋಣೆಯ ತುಂಬ ಬೂಷ್ಟು ಬೆಳೆದಿದೆ. ಎರಡು ದಿನ ಮನೆ ಬಿಟ್ಟರೆ ಇಷ್ಟು ಬೂಷ್ಟೆ? ಅವರಿಗೆ ಉರಾಶಿಮಾ ತಾರೊ ಎಂಬ ಬೆಸ್ತನ ಹಳೆಯ ಕಥೆ ನೆನಪಾಗುತ್ತದೆ. ಆಮೆಯ ಬೆನ್ನೇರಿ ಕಡಲೊಳಗಿನ ಅರಮನೆಗೆ ಹೋಗಿ ಕೆಲವು ದಿನ ಸುಖವಾಗಿದ್ದು ಮರಳಿದಾಗ ಊರಿನಲ್ಲಿ ನೂರಾರು ವರ್ಷ ಕಳೆದುಹೋಗಿದ್ದುವಂತೆ.

ನಗುತ್ತಿದ್ದ ನಾವು ಇಲ್ಲಿಂದ ಮುಂದೆ ತುಸು ಮೌನವಾದೆವು. ಮಕ್ಕಳನ್ನೆಲ್ಲ ಮನೆಗೆ ಕಳುಹಿಸಿದರೆ ಯಾರೂ ಮನೆಯನ್ನು ಸೇರುವುದಿಲ್ಲ. ರೈಲು ಹತ್ತಿದವರು ಒಂದಿಷ್ಟು ದೂರ ಹೋಗಿ ಹತ್ತಿದ ನಿಲ್ದಾಣದಲ್ಲಿಯೇ ಇಳಿಯುತ್ತಾರೆ. ದಾದರಿನಲ್ಲಿ ಲೋಕಲ್ ಹತ್ತಿ ದಾದರಿನಲ್ಲಿಯೇ ಇಳಿದಂತೆ! ಕೊನೆಗೆ ಆ ಸಿರಿವಂತ ಹುಡುಗನ ವಿಮಾನವನ್ನೇರಿ ಮೇಲಕ್ಕೆ ಹಾರಿ ಕೆಳಗೆ ನೋಡುತ್ತಾರೆ. ಅವರ ಊರಿಗೆ ಊರೇ ದೊಡ್ಡದೊಂದು ಆಮೆಯ ಬೆನ್ನಿನ ಮೇಲೆ ಕುಳಿತು ಶೂನ್ಯದಲ್ಲಿ ತೇಲುತ್ತಿದೆ. ಊರನ್ನು ಹೊತ್ತ ಕಂಬಗಳಲ್ಲಿ ಕಾಣೆಯಾದ ಆ ಅಧ್ಯಾಪಕರ ಆಕೃತಿ ಕಲ್ಲಾಗಿ ನಿಂತಿದೆ.

ಮಂದರಪರ್ವತವನ್ನು ಹೊತ್ತ ಕೂರ್ಮನು ನಮಗೆ ಹೊಸಬನಲ್ಲ. ಆ ವಾರವೇ ನಾವು ಸಮುದ್ರಮಥನದ ಯಕ್ಷಗಾನ ಪ್ರಸಂಗಕ್ಕೆಂದು ರಟ್ಟಿನ ಆಮೆಯೊಂದನ್ನು ಮಾಡಿ ಒಣಗಲು ಇಟ್ಟಿದ್ದೆವು. ಆದರೆ ಕೂರ್ಮನು ಹೊರುವುದು ಅಮೃತ ಹುಟ್ಟಲೆಂದು, ಕೆಲಸ ಮುಂದೆ ಸಾಗಲೆಂದು. ಈ ಆಮೆಯ ಮೇಲೆ ಏನೂ ಸಾಗುವುದಿಲ್ಲ. ಊರು ಪಾಳುಬಿದ್ದಿದೆ, ಮಿಕ್ಕವರೆಲ್ಲ ಅದೃಶ್ಯರಾಗಿದ್ದಾರೆ. ಅತಾರುವಿನ ಮನೆಗೆ ಮಾತ್ರ ದೀಪವಿದೆ, ನೀರಿದೆ. ಅಂಗಡಿಯಲ್ಲಿ ತಿಂಡಿ ಎಷ್ಟು ತೆಗೆದರೂ ಮುಗಿಯದು. ಹುಡುಗರು ಕೆಲವೇ ದಿನಗಳಲ್ಲಿ ಇದಕ್ಕೂ ಒಗ್ಗಿಹೋಗಿ ಆಡುತ್ತ, ಈಜುತ್ತ, ಹಾಳು ಚಿತ್ರಮಂದಿರದಲ್ಲಿ ಗಾಡ್ಜಿಲ್ಲಾ ನೋಡುತ್ತ ಕಾಲ ಕಳೆಯುತ್ತಾರೆ.

ಇದೆಲ್ಲವೂ ಮುಜಾಕಿ ಎಂಬ ಸ್ವಪ್ನಪಿಶಾಚಿಯ ಕೈವಾಡ. ಮುಜಾಕಿ ಎಂದರೆ ಜಪಾನೀ ಭಾಷೆಯಲ್ಲಿ ಮುಗ್ಧ ಎಂದರ್ಥ. ಆ ಮಾತಿನ ಮೊದಲ ಅಕ್ಷರದ ಬದಲು ಕನಸಿನ ಅಕ್ಷರವನ್ನೂ ಕೊನೆಯ ಅಕ್ಷರದ ಬದಲು ಪಿಶಾಚಿಯ ಅಕ್ಷರವನ್ನೂ ಇಟ್ಟು ಇವನ ಹೆಸರನ್ನು ಬರೆಯುತ್ತಾರೆ. ಹೆಸರಿಗೆ ತಕ್ಕ ಸಾಧು ಮುದುಕ. ಲಮ್ ಒಮ್ಮೆ ಮತ್ಸ್ಯಾಲಯದಲ್ಲಿ ಅವನಿಗೆ ತನ್ನ ಆಸೆಯನ್ನು ಹೇಳಿದ್ದಳು. ಅತಾರು, ಅವನ ತಂದೆತಾಯಿ, ಗೆಳೆಯರು, ಎಲ್ಲರೊಡನೆ ಎಂದೆಂದಿಗೂ ಹೀಗೆಯೇ ನಗುನಗುತ್ತ ಇರಬೇಕು. ಅಷ್ಟೇ. ಆ ಆಸೆಗೆ ಮರುಳಾಗಿ ಅವನು ಅದನ್ನು ಕನಸಾಗಿ ಕಟ್ಟಿಕೊಟ್ಟನು. ಅವನ ಬಳಿ ಒಂದು ಬಕು ಇದೆ. ಹಂದಿಮರಿಯಂತಹ ಪುಟ್ಟ ಪ್ರಾಣಿ. ಅದನ್ನು ಕರೆಯುವ ಕಹಳೆ ಹೇಗೋ ಅತಾರುವಿನ ವಶವಾಗುತ್ತದೆ; ಅವನು ಊದಿಬಿಡುತ್ತಾನೆ. ಬಕು ಬೆಳೆದು ಬೆಳೆದು ಊರನ್ನೂ ಆಕಾಶವನ್ನೂ ಕಬಳಿಸುತ್ತದೆ.

ಚಿತ್ರ ಮುಗಿದ ಮೇಲೆ ನಮ್ಮಲ್ಲಿ ನಡೆದ ವಾದವನ್ನು ಇಲ್ಲಿ ಬರೆಯಬೇಕೆಂದೇ ಇಷ್ಟು ಕಥೆ ಹೇಳಿದೆವು. ಬಕು ತಿನ್ನಬೇಕಾದದ್ದು ಕೆಟ್ಟ ಕನಸನ್ನಲ್ಲವೆ? ಲಮ್ ಕಂಡದ್ದು ಒಳ್ಳೆಯ ಕನಸು. ಹಾಗಿದ್ದ ಮೇಲೆ ಕಹಳೆ ಊದಿದ್ದು ಸರಿಯೆ?

ಊದಬಾರದಿತ್ತು ಎಂದು ಮೊದಲು ನುಡಿದವಳು ನಮ್ಮ ತರಗತಿಯ ಅತಿ ಮೌನಿ. ಅವಳ ಮಾತನ್ನು ಯಾರೂ ತಳ್ಳಿಹಾಕಲಿಲ್ಲ. ಓದುಗ ಮಿತ್ರರೇ, ನಮ್ಮ ಸ್ಥಿತಿಯನ್ನು ಬಲ್ಲಿರಿ. ಇದು ನಮಗೆ ಕೊನೆಯ ವಾರ್ಷಿಕೋತ್ಸವ. ಮಾರ್ಚಿಯಲ್ಲಿ ಪರೀಕ್ಷೆ ಮುಗಿದರೆ ಹನ್ನೊಂದು ಮಂದಿ ಹನ್ನೊಂದು ಕಡೆ. ನಾವು ಸೇರಲಿರುವ ಕಾಲೇಜುಗಳಲ್ಲಿ ಬೀಜಗಣಿತವನ್ನು ಕನ್ನಡದಲ್ಲಿ ಹೇಳಿಕೊಡುವವರಿಲ್ಲ. ಹಾಜರಿ ಕರೆದಾಗ ಉಪಸ್ಥಿತ ಎನ್ನುವ ಅಭ್ಯಾಸವೂ ಇಲ್ಲಿಗೆ ಮುಗಿಯಿತು. ಬೀದಿಯಲ್ಲಿ ಮರಾಠಿ, ಅಂಗಡಿಯಲ್ಲಿ ಹಿಂದಿ, ನಾಳೆ ತರಗತಿಯಲ್ಲಿ ಇಂಗ್ಲಿಷ್. ಮನೆಯ ಹೊರಗೆ ದಿನವಿಡೀ ಕನ್ನಡದಲ್ಲಿ ಜಗಳವಾಡಲು ನಮಗಿರುವುದು ಈ ಎರಡು ಮಹಡಿಯ ಕಟ್ಟಡ ಒಂದೇ. ಅದರ ಒಂದನೆಯ ತರಗತಿಯಲ್ಲಿ ಈ ವರ್ಷ ನಾಲ್ವರು ಮಕ್ಕಳು. ನಾಲ್ವರ ಮುಂದೆ ಎಷ್ಟು ಎಂದು ಲೆಕ್ಕ ಮಾಡಲು ನಮಗೆ ಮನಸ್ಸಾಗದು. ಗೆಜ್ಜೆ ಕಟ್ಟಿ, ಬಣ್ಣ ಕಲಸಿ, ಸಂಜೆ ಏಳರವರೆಗೆ ತಾಳ ತಪ್ಪುತ್ತ ಕುಣಿದ ಆ ಮುನ್ನಾದಿನವನ್ನು ಯಾವನಾದರೂ ಮುಜಾಕಿ ಬಂದು ನಿಲ್ಲಿಸಿಕೊಡುತ್ತೇನೆ ಎಂದರೆ ನಾವು ಒಲ್ಲೆವೆಂದೇವೆ?

ಇನ್ನೊಬ್ಬನು ಮುಪ್ಪಿನ ಷಡಕ್ಷರಿಯ ತಿರುಕನ ಕನಸನ್ನು ಎತ್ತಿದನು. ಅದು ನಮಗೆಲ್ಲ ಬಾಯಿಪಾಠ. ತಿರುಕನು ಕನಸಿನಲ್ಲಿ ರಾಜನಾದನು, ಎಚ್ಚತ್ತು ತಿರುಕನಾದನು. ಇಲ್ಲಿಯೂ ಹಾಗೆಯೇ ಎಂದು ಅವನ ವಾದ. ಆದರೆ ಎರಡಕ್ಕೂ ಅಂತರವಿದೆ. ತಿರುಕನ ಕನಸಿನಿಂದ ತಿರುಕನಿಗಲ್ಲದೆ ಇನ್ನಾರಿಗೂ ಕೇಡಿಲ್ಲ. ಲಮ್ಮಿನ ಕನಸಿನೊಳಗೆ ಇತರರೂ ಇದ್ದಾರೆ. ಎಲ್ಲರೂ ಒಟ್ಟಿಗಿರಲೆಂದು ಕಂಡ ಕನಸಿನಿಂದಲೇ ಒಬ್ಬೊಬ್ಬರು ಕಾಣೆಯಾಗುತ್ತಾರೆ. ಅದರಲ್ಲಿಯೂ ದಿನವೇಕೆ ಮುಂದೆ ಹೋಗುತ್ತಿಲ್ಲವೆಂದು ಕೇಳಿದ ಅಧ್ಯಾಪಕರೇ ಮೊದಲಿಗೆ ಕಲ್ಲಾಗುತ್ತಾರೆ. ನಮ್ಮ ಶಾಲೆಯ ಲೆಕ್ಕದ ಅಧ್ಯಾಪಕರು ಕಂಬವಾಗಿ ನಿಂತಿರುವುದನ್ನು ಊಹಿಸಿಕೊಂಡು ಕೆಲವರು ನಕ್ಕರು. (ಅವರು ಇದನ್ನು ಓದುವರೆಂಬುದನ್ನು ಬಲ್ಲೆವು, ಭಕ್ತಿಯಿಂದಲೇ ಬರೆದಿದ್ದೇವೆ.)

ವಾದವನ್ನು ತಿರುಗಿಸಿದ್ದು ಬೇರೆಯೇ ಒಂದು ಸಂಗತಿ. ನಾಲ್ಕನೆಯ ತರಗತಿಯ ಪುಟ್ಟ ಹುಡುಗಿಯೊಬ್ಬಳು ಅಭ್ಯಾಸದ ಎಲ್ಲ ದಿನಗಳಲ್ಲಿಯೂ ವೇದಿಕೆಯ ಮೂಲೆಯಲ್ಲಿ ಕುಳಿತು ನೋಡುತ್ತಿದ್ದಳು. ಮೋಹಿನಿಯ ಪಾತ್ರ ಬೇಕೆಂದು ಅವಳ ಹಟ. ಈ ಕಿರೀಟ ನಿನ್ನ ಭುಜದವರೆಗೆ ಇಳಿಯುತ್ತದೆ, ಎಂಟನೆಯ ತರಗತಿಗೆ ಬಾ, ಕೊಡೋಣ ಎಂದು ನಾವೇ ಮಾತು ಕೊಟ್ಟಿದ್ದೆವು. ಅವಳು ಬೆರಳು ಮಡಿಸಿ ವರ್ಷಗಳನ್ನು ಎಣಿಸಿಕೊಂಡು ಹೋಗಿದ್ದಳು. ನಮ್ಮ ಮುನ್ನಾದಿನ ನಿಂತರೆ ಅವಳ ನಾಲ್ಕನೆಯ ತರಗತಿಯೂ ನಿಂತಿತು. ಅಂಗಡಿಯಲ್ಲಿ ತಿಂಡಿ ಮುಗಿಯದೆ ಇರಬಹುದು. ಅವಳಿಗೆ ಕಿರೀಟ ಸಿಗುವುದಿಲ್ಲ. ಇದನ್ನು ಹೇಳಿದವಳೂ ಆ ಮೌನಿಯೇ. ಹೇಳಿ, ತಾನಾದರೆ ಕಹಳೆ ಊದುತ್ತೇನೆ, ಅತ್ತುಕೊಂಡಾದರೂ ಊದುತ್ತೇನೆ ಎಂದಳು. ಹನ್ನೊಂದರಲ್ಲಿ ಏಳು ಮಂದಿ ಅವಳ ಕಡೆಗಾದೆವು. ನಾಲ್ವರು ಇಂದಿಗೂ ಒಪ್ಪಿಲ್ಲ.

ಅತಾರು ಕೊನೆಗೆ ತರಗತಿಯಲ್ಲಿ, ಮಲಗಿದ ಗೆಳೆಯರ ನಡುವೆ ಎಚ್ಚರಗೊಳ್ಳುತ್ತಾನೆ. ತಾನೊಂದು ಕನಸು ಕಂಡೆನೆಂದೂ ಅದರಲ್ಲಿ ಎಲ್ಲರೂ ಇದ್ದರೆಂದೂ ಲಮ್ ಹೇಳುತ್ತಾಳೆ. ಅದು ಬರಿಯ ಕನಸು ಎಂದು ಅವನು ಸಮಾಧಾನ ಮಾಡುತ್ತಾನೆ. ಮರುಕ್ಷಣವೇ ಇಬ್ಬರಿಗೂ ಎಂದಿನ ಜಗಳ. ಎಲ್ಲ ಮುಗಿದ ಮೇಲೆ ಚಿತ್ರದ ಹೆಸರು ತೆರೆಯ ಮೇಲೆ ಮೂಡುತ್ತದೆ. ಹೆಸರನ್ನು ಕೊನೆಯಲ್ಲಿ ಹಾಕುವ ಈ ಕ್ರಮ ನಮಗೆ ಬಹಳ ಹಿಡಿಸಿತು.

ಈ ಸಂಚಿಕೆ ನಿಮ್ಮ ಕೈ ಸೇರುವ ವೇಳೆಗೆ ನಾವು ಹೊರಟಿರುತ್ತೇವೆ. ರಟ್ಟಿನ ಆಮೆಯನ್ನು ಗ್ರಂಥಾಲಯದ ಕಪಾಟಿನ ಮೇಲೆ, ಮಳೆನೀರು ಸೋರದ ಕಡೆಯಲ್ಲಿ ಇಟ್ಟಿದ್ದೇವೆ. ಮುಂದಿನ ಬಲಗಾಲು ಸಡಿಲವಾಗಿದೆ. ಮೈದಾ ಅಂಟು ನಿಲ್ಲದು, ದಾರ ಹಾಕಿ ಹೊಲಿಯಬೇಕು. ಮೋಹಿನಿಯ ಕಿರೀಟ ಅದರ ಹೊಟ್ಟೆಯೊಳಗಿದೆ.