ಕಕ್ಕಡದ ಕೋಲನ್‌ಗಳು

ಜುಲೈ 21, ವಿರಾಜಪೇಟೆ
ಮಳೆ ಬಿಟ್ಟಿಲ್ಲ. ಬೆಳಿಗ್ಗೆಯಿಂದ ಕರೆಂಟೂ ಇಲ್ಲ. ಮೇಜರ್ ಸಾಹೇಬರು ತೋಟದ ಹುಡುಗನ ಕೈಲಿ ಪ್ಲಾಸ್ಟಿಕ್ ಸುತ್ತಿದ ಕಟ್ಟು ಕಳಿಸಿದ್ದಾರೆ. ಸರ್ವಿಸ್ಸಿನ ನೆನಪುಗಳು, ಇಂಗ್ಲಿಷಿನಲ್ಲಿ. ಮೇಲೊಂದು ಚೀಟಿ: ‘ಟೀಚರ್, ತಪ್ಪಿದ್ದರೆ ಕೆಂಪಲ್ಲಿ ಹಾಕಿ. ದಾಕ್ಷಿಣ್ಯ ಬೇಡ.’
ಪುಟ ತಿರುವಿದಲ್ಲೆಲ್ಲ ಕೋಲನ್, ಅದರ ಪಕ್ಕಕ್ಕೊಂದು ಗೀಟು. ‘ಆಸ್ ಅಂಡರ್:-’. ಮೆಸ್ಸಿನ ಊಟಕ್ಕೂ ಅದೇ, ಗುಡ್ಡ ಹತ್ತಿದ ದಾರಿಗೂ ಅದೇ.

ಜುಲೈ 22
ಸೇನೆಯ ಬರವಣಿಗೆಯ ಕಟ್ಟುಪಾಡು ಅದು. ಪ್ಯಾರಾಕ್ಕೆ ನಂಬರು, ಪಟ್ಟಿಗೆ ಮುಂಚೆ ‘:-’. ತಮಾಷೆಯೆಂದರೆ ನಾವೆಲ್ಲ ಕೋಲನ್ ಹಾಕುವ ಕಡೆ, ಗಂಟೆ ನಿಮಿಷದ ನಡುವೆ, ಅವರಿಗದು ಬೇಡ. ಬೆಳಗಿನ ಐದೂವರೆ ಅಂದರೆ 0530.
ರೆನ್ ಅಂಡ್ ಮಾರ್ಟಿನ್ ವ್ಯಾಕರಣ ತೆಗೆದೆ. ಕೋಲನ್ ಜೊತೆ ಕೆಲವೊಮ್ಮೆ ಗೀಟೂ ಬರಬಹುದೆಂದು ಅಲ್ಲೇ ಇದೆ. ಹಳೇ ಬ್ರಿಟಿಷ್ ಅಚ್ಚಿನ ರೂಢಿ. ಅವರು ಬಿಟ್ಟರು, ನಾವು ಬಿಡಲಿಲ್ಲ. ‘ವಿಷಯ:-’ ಇಲ್ಲದಿದ್ದರೆ ಅರ್ಜಿ ಅರ್ಜಿಯೇ ಅನಿಸುವುದಿಲ್ಲ.

ಜುಲೈ 25, ರಾತ್ರಿ
ಗೀಟು ಹಾಳಾಗಲಿ, ತೊಂದರೆ ಇರುವುದು ಅದಕ್ಕೂ ಮುಂಚೆ. ಜನರಲ್ ತಿಮ್ಮಯ್ಯನವರ ಅಧ್ಯಾಯದಲ್ಲಿ ಹೀಗಿದೆ: ‘ದ ಜನರಲ್ಸ್ ಪೀಸ್ ಮಿಷನ್ಸ್ ವರ್:- ಕೊರಿಯಾ ಅಂಡ್ ಸೈಪ್ರಸ್.’ ‘ವರ್’ ಅಂದಾಗ ವಾಕ್ಯ ಮುಗಿದಿಲ್ಲ. ಕೋಲನ್ನಿನ ಹಿಂದಿನ ಭಾಗ ತನ್ನ ಕಾಲ ಮೇಲೆ ನಿಲ್ಲಬೇಕು. ಬಿಲ್ಲಿನಲ್ಲಿ ಬರೆದ ಸರಕನ್ನು ಇಳಿಸಿಕೊಡುವುದು ಕೋಲನ್ನಿನ ಕೆಲಸ ಎಂಬರ್ಥದಲ್ಲಿ ಇಂಗ್ಲಿಷ್ ಬಳಕೆಯ ಪಂಡಿತ ಫೌಲರ್ 1926ರಲ್ಲೇ ಹೇಳಿದ್ದ. ಇಲ್ಲಿ ಬಿಲ್ಲೇ ಪೂರ್ತಿ ಬರೆದಿಲ್ಲ.
ಕೋಲನ್ ತೆಗೆದರೂ ಸರಿಹೋಗುತ್ತದೆ. ನಾನು ಮುಂಚಿನ ಭಾಗ ಬದಲಿಸಿದೆ: ‘ದ ಜನರಲ್ ಲೆಡ್ ಟು ಪೀಸ್ ಮಿಷನ್ಸ್: ಕೊರಿಯಾ ಅಂಡ್ ಸೈಪ್ರಸ್.’ ‘ಸಚ್ ಆಸ್’, ‘ಇನ್‌ಕ್ಲೂಡಿಂಗ್’ ಆದಮೇಲೆ ಹಾಕಿದ್ದನ್ನೆಲ್ಲ ಹೊಡೆದೆ.
1953ರಲ್ಲಿ ಕೊರಿಯಾದ ಯುದ್ಧಕೈದಿಗಳ ಹೊಣೆ ಹೊತ್ತವರು, 1965ರಲ್ಲಿ ಸೈಪ್ರಸ್ಸಿನಲ್ಲಿ ಶಾಂತಿಪಡೆಯ ಮುಖ್ಯಸ್ಥರಾಗಿದ್ದಾಗಲೇ ತೀರಿಕೊಂಡವರು. ನಾನು ಚುಕ್ಕಿ ನೋಡುತ್ತ ಕೂತಿದ್ದೇನೆ.

ಆಗಸ್ಟ್ 3
ಕೊಡವರ ಕಕ್ಕಡ ತಿಂಗಳ ಹದಿನೆಂಟು. ಮೇಜರ್ ಮನೆಯಲ್ಲಿ ಮದ್ದುಸೊಪ್ಪಿನ ಪಾಯಸ. ನಾಲಿಗೆ ಇನ್ನೂ ನೇರಳೆ.
ತಿದ್ದಿದ ಪುಟ ತೋರಿಸಿದೆ. ‘ಸರ್ವಿಸ್ ಪೂರ್ತಿ ಹೀಗೇ ಬರೆದೆ ಟೀಚರ್. ಯಾವ ಬ್ರಿಗೇಡಿಯರೂ ಕೇಳಲಿಲ್ಲ.’ ಅಷ್ಟರಲ್ಲಿ ನ್ಯೂಜೆರ್ಸಿಯಿಂದ ಅವರ ಮಗಳ ಫೋನು. ಕೋಲನ್ ಆದಮೇಲೆ ಪೂರ್ತಿ ವಾಕ್ಯ ಬಂದರೆ ದೊಡ್ಡಕ್ಷರ ಬೇಕಂತೆ. ಅಲ್ಲಿ ಹಾಗೆ ಹಾಕುವವರು ಬಹಳ. ಕಂಪನಿಗೆ ಬರೆಯುವ ಕಾಗದದಲ್ಲಿ ‘ಡಿಯರ್ ಸರ್’ ಆದಮೇಲೂ ಅಲ್ಲಿ ಕೋಲನ್ನೇ, ಕಾಮಾ ಅಲ್ಲ. ಬ್ರಿಟಿಷರ ಪದ್ಧತಿಯಲ್ಲಿ ಚಿಕ್ಕಕ್ಷರ ಸಾಕು, ಅಂದೆ.
‘ನಾನು ಇವರಿಬ್ಬರ ಸೇನೆಯಲ್ಲೂ ಇರಲಿಲ್ಲವಲ್ಲ’ ಅಂದರು ಮೇಜರ್. ಎಲ್ಲರೂ ನಕ್ಕೆವು. ಉತ್ತರ ನನ್ನ ಹತ್ತಿರ ಇರಲಿಲ್ಲ.

ಆಗಸ್ಟ್ 6
ಕನ್ನಡ ಮುನ್ನುಡಿಯ ಪ್ರೂಫ್ ಬಂತು. ‘ದು:ಖ’. ವಿಸರ್ಗದ ಜಾಗಕ್ಕೆ ಕೀಲಿಮಣೆಯ ಕೋಲನ್ ಒತ್ತಿದ್ದಾರೆ. ಇಂಗ್ಲಿಷಿನಲ್ಲಿ ಬೇಡದ ಕಡೆ ಇದೆ ಅಂತ ತೆಗೆಯುತ್ತಿದ್ದರೆ ಇದು ಕನ್ನಡಕ್ಕೂ ನುಗ್ಗಿದೆ. ಆ ಎರಡು ಚುಕ್ಕಿಯ ಮೇಲೆ ಕೆಂಪು ಹಾಕಿದೆ. ಕಂಪ್ಯೂಟರಿನಲ್ಲಿ ‘ದುಃಖ’ ಅಂತ ಹುಡುಕಿದವರಿಗೆ ಇದು ಸಿಕ್ಕುವುದೂ ಇಲ್ಲ.

ಆಗಸ್ಟ್ 9
ನಿದ್ದೆ ಇಲ್ಲ. ಯುದ್ಧದ ಅಧ್ಯಾಯದ ಕೊನೆಯ ಪುಟ. ‘ದ ಫಾಲೋಯಿಂಗ್ ಡಿಡ್ ನಾಟ್ ರಿಟರ್ನ್:-’. ಕೆಳಗೆ ಒಂದರಡಿ ಒಂದು ಹೆಸರು. ಮೊದಲು ನಂಬರು, ಆಮೇಲೆ ದರ್ಜೆ, ಆಮೇಲೆ ಹೆಸರು. ವಾಕ್ಯ ಪೂರ್ತಿಯಾಗಿದೆ, ಕೋಲನ್ ಸರಿಯಾದ ಕಡೆಯೇ ಇದೆ. ಉಳಿದದ್ದು ಗೀಟು ಮಾತ್ರ.
ಎಲ್ಲ ಪುಟದಲ್ಲೂ ಹೊಡೆದಿದ್ದೇನೆ. ಇಲ್ಲಿ ಕೈ ಬರಲಿಲ್ಲ. ಆಗ ಮನೆಯವರಿಗೆ ಹೋದ ಕಾಗದದಲ್ಲೂ ಹೀಗೇ ಬರೆದಿದ್ದರೋ ಏನೋ. ಕೇಳುವುದು ಹೇಗೆ?

ಆಗಸ್ಟ್ 10
ಪ್ರೆಸ್ಸಿನ ಹುಡುಗಿಯ ಫೋನು. ‘ಒಂದು ಪುಟದಲ್ಲಿ ಡ್ಯಾಶ್ ಬಿಟ್ಟು ಇನ್ನೊಂದರಲ್ಲಿ ಇಟ್ಟರೆ ನಮ್ಮ ತಪ್ಪು ಅಂತಾರೆ ಮೇಡಂ.’ ಅವಳು ಹೇಳಿದ್ದು ನ್ಯಾಯ. ಆದರೂ ಸಿಟ್ಟು ಬಂತು.

ಆಗಸ್ಟ್ 14
ಕಟ್ಟು ವಾಪಸ್ ಕೊಟ್ಟೆ. ಆ ಪುಟದಲ್ಲಿ ಕೆಂಪಿಲ್ಲ, ಅಂಚಿನಲ್ಲಿ ಪೆನ್ಸಿಲಿನ ಪ್ರಶ್ನಾರ್ಥಕ. ಮೇಜರ್ ನೋಡಿದರು. ಅದರ ಬಗ್ಗೆ ಏನೂ ಹೇಳಲಿಲ್ಲ, ಹಿಂದಕ್ಕೆ ತಿರುವಿ ತಿಮ್ಮಯ್ಯನವರ ಅಧ್ಯಾಯಕ್ಕೆ ಹೋದರು.
‘ಇಲ್ಲಿ “ಟು” ಯಾಕೆ ಸೇರಿಸಿದಿರಿ? ಓದುವವನಿಗೆ ಎಣಿಸಲು ಬರುವುದಿಲ್ಲವಾ?’
ತೆಗೆದರೂ ವಾಕ್ಯ ಬೀಳುವುದಿಲ್ಲ. ತೆಗೆದೆ. ಸೋಮವಾರದೊಳಗೆ ಪ್ರೆಸ್ಸಿಗೆ ಕಳಿಸಬೇಕು, ಪ್ರಶ್ನಾರ್ಥಕ ಹಾಗೇ ಇದೆ.