ಕಡಲಿನ ನಂಜು, ಕಪಿಲೆಯ ನೀರು

ಮೈಸೂರಿನಿಂದ ದಕ್ಷಿಣಾಭಿಮುಖವಾಗಿ ಸುಮಾರು 25 ಕಿಲೋಮೀಟರು ಪ್ರಯಾಣ ಮಾಡಿದರೆ ಕಪಿಲಾ ನದಿ ಅಡ್ಡ ಬರುತ್ತದೆ. ನದಿಯ ಆಚೆಯ ದಡವೇ ನಂಜನಗೂಡು. ಹೆಸರನ್ನು ಬಿಡಿಸಿ ನೋಡಿದರೆ ಊರಿನ ಕಥೆಯೆಲ್ಲ ಅದರಲ್ಲಿಯೇ ಅಡಗಿದೆ. ಕಡಲನ್ನು ಕಡೆದಾಗ ಅಮೃತಕ್ಕೂ ಮೊದಲು ಮೇಲೆದ್ದ ಹಾಲಾಹಲವನ್ನು, ಲೋಕಕ್ಕೆ ತಾಗದಂತೆ ತನ್ನ ಕೊರಳಲ್ಲಿ ತಡೆದವನು ನಂಜುಂಡ. ಅವನ ಬೀಡು ನಂಜನಗೂಡು. ಬೇನೆ ಬಿದ್ದವರು ಹರಕೆ ಹೊತ್ತು ಬರುವ ಕ್ಷೇತ್ರವಿದು. ಟಿಪ್ಪು ಸುಲ್ತಾನನ ಆನೆಯೊಂದರ ಕಣ್ಣುಬೇನೆ ಇಲ್ಲಿ ಸಲ್ಲಿಸಿದ ಸೇವೆಯಿಂದ ವಾಸಿಯಾಯಿತೆಂದೂ, ಅಂದಿನಿಂದ ಅವನು ಸ್ವಾಮಿಯನ್ನು ‘ಹಕೀಮ್ ನಂಜುಂಡ’ನೆಂದು ಕರೆದನೆಂದೂ ಪ್ರತೀತಿ.

‘ನಂಜು’ ಎಂಬ ಮಾತು ಪುರಾಣಕ್ಕಷ್ಟೇ ಸೇರಿದ್ದಲ್ಲ. ಮಗುವಿನ ಕಾಲಿಗೆ ತುಕ್ಕು ಹಿಡಿದ ಮೊಳೆ ಚುಚ್ಚಿದರೆ, “ನಂಜಾದೀತು, ಬೇಗ ತೊಳೆಯಿರಿ” ಎಂದು ಮನೆಯ ಹಿರಿಯರು ಎಚ್ಚರಿಸುತ್ತಾರೆ. ಗಾಯ ಸಣ್ಣದು, ಒಳಗೆ ಕುಳಿತು ಸದ್ದಿಲ್ಲದೆ ಏರುವ ನಂಜು ದೊಡ್ಡದು. ಮನುಷ್ಯರ ಮೈಗೆ ಹೇಳುವ ಈ ಮಾತು ಯಂತ್ರಗಳಿಗೂ ಸಲ್ಲುತ್ತದೆ. ಕಡಲಿನ ಉಪ್ಪು ಕುಡಿದು, ಹೇಳುವವರು ಕೇಳುವವರು ಇಲ್ಲದೆ ನಿಂತ ದೋಣಿಯ ಎಂಜಿನ್ನು ನಂಜೇರಿದ ಗಾಯದಂತೆಯೇ ಕೆಡುತ್ತದೆ. ಕಡಲಿನಿಂದ ಇಷ್ಟು ದೂರದ ಕಪಿಲೆಯ ದಂಡೆಯಲ್ಲಿ ಈ ವಿಚಾರವೇಕೆಂದು ಓದುಗರು ಕೇಳಬಹುದು. ಅದಕ್ಕೆ ಈ ನದಿಯೇ ಉತ್ತರ ಕೊಡುತ್ತದೆ.

ಕಪಿಲೆಯನ್ನು ಕಬಿನಿಯೆಂದೂ ಕರೆಯುವುದುಂಟು. ವಯನಾಡಿನ ಬೆಟ್ಟಗಳಲ್ಲಿ ಪಡುಗಡಲಿಗೆ ಸಮೀಪದಲ್ಲಿಯೇ ಹುಟ್ಟಿದರೂ ಆ ಕಡಲಿನತ್ತ ಮುಖ ತಿರುಗಿಸದೆ, ಪೂರ್ವಕ್ಕೆ ಹರಿದು ಕಾವೇರಿಯನ್ನು ಸೇರುವ ನದಿ ಇದು. 1735ರಲ್ಲಿ ದಳವಾಯಿ ದೇವರಾಜಯ್ಯ ಕಟ್ಟಿಸಿದನೆನ್ನುವ ಹಳೆಯ ಸೇತುವೆ ನಂಜನಗೂಡಿನ ಬಳಿ ಇಂದಿಗೂ ನಿಂತಿದೆ. ಒಂದು ಕಾಲಕ್ಕೆ ರೈಲುಗಾಡಿಯೂ ಎತ್ತಿನ ಗಾಡಿಯೂ ಅಕ್ಕಪಕ್ಕದಲ್ಲಿ ಇದರ ಮೇಲೆ ಸಾಗುತ್ತಿದ್ದವು; ಈಗ ರೈಲಿಗೆ ಬೇರೆ ಸೇತುವೆಯಾಗಿದೆ. ಬೇಸಗೆಯಲ್ಲಿ ಈ ಕಮಾನುಗಳ ಕೆಳಗೆ ನೋಡಿದವರಿಗೆ ಕಪಿಲೆ ಬಲು ಸಾಧುವಾದ ನದಿಯೆಂದು ತೋರುತ್ತದೆ. ಆದರೆ 2019ರ ಆಗಸ್ಟ್ ತಿಂಗಳಲ್ಲಿ ವಯನಾಡಿನಲ್ಲಿ ಸುರಿದ ಮಳೆಗೆ ಬೀಚನಹಳ್ಳಿಯ ಜಲಾಶಯ ತುಂಬಿ, ಅಲ್ಲಿಂದ ಬಿಟ್ಟ ನೀರು ನಂಜನಗೂಡಿನ ತಗ್ಗು ಬಡಾವಣೆಗಳಿಗೆ ನುಗ್ಗಿತು. ಮಲ್ಲನಮೂಲೆಯ ಬಳಿ ಮೈಸೂರಿನ ಹೆದ್ದಾರಿಯೇ ಮುಳುಗಿತು. ಅಂಥ ದಿನ ಊರಿಗೆ ಬೇಕಾಗುವುದು ದೋಣಿ. ಅದೂ ಕರೆದ ಕೂಡಲೇ ಹೊರಡುವ ದೋಣಿ.

ನಂಜನಗೂಡಿನಿಂದ ನದಿಯ ಹರಿವಿನ ಜೊತೆಯಲ್ಲೇ ಪೂರ್ವಕ್ಕೆ ಸಾಗಿದರೆ ತಿರುಮಕೂಡಲು ನರಸೀಪುರ. ದಾರಿಯುದ್ದಕ್ಕೂ ಬತ್ತದ ಗದ್ದೆ, ಕಬ್ಬು, ಬಾಳೆ, ತೆಂಗು. ಊರನ್ನು ಮುಟ್ಟುವಾಗ ಕಪಿಲೆಯ ದಂಡೆಯಲ್ಲಿ ಗುಂಜಾ ನರಸಿಂಹನ ಗೋಪುರ ಕಾಣುತ್ತದೆ. ಈ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿಯ ತೂಕ ಹೆಚ್ಚೆಂದು ಭಕ್ತರ ನಂಬಿಕೆ. ನದಿಯ ಇನ್ನೊಂದು ಬದಿಗೆ ಅಗಸ್ತ್ಯೇಶ್ವರನ ಸನ್ನಿಧಿ. ಕಾವೇರಿ, ಕಪಿಲೆ, ಜೊತೆಗೆ ಕಣ್ಣಿಗೆ ಕಾಣದ ಸ್ಫಟಿಕ ಸರೋವರ, ಈ ಮೂರೂ ಕೂಡುವುದರಿಂದ ಇದು ತ್ರಿವೇಣಿ ಸಂಗಮ. 1989ರಿಂದ ಮೂರು ವರ್ಷಕ್ಕೊಮ್ಮೆ ಇಲ್ಲಿ ಕುಂಭಮೇಳ ನಡೆಯುತ್ತಾ ಬಂದಿದೆ.

ಸಂಗಮದಲ್ಲಿ ಯಾತ್ರಿಕರ ಮನಸ್ಸನ್ನು ಸೆಳೆಯುವ ಇನ್ನೊಂದು ವಸ್ತು ಹರಿಗೋಲು. ಬಿದಿರಿನ ಸೀಳುಗಳಿಂದ ಹೆಣೆದ ದುಂಡನೆಯ ದೊಡ್ಡ ಬುಟ್ಟಿ ಅದು. ಹಿಂದೆ ಅದರ ಹೊರಮೈಗೆ ತೊಗಲನ್ನು ಬಿಗಿಯುತ್ತಿದ್ದರು. ಅನಂತರ ತಾಡಪಾಲು, ಪ್ಲಾಸ್ಟಿಕ್ಕಿನ ಹಾಳೆ ಬಂದವು. ಮೇಲೆ ಡಾಂಬರಿನ ಲೇಪ. 1520ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಬುಟ್ಟಿಯಂತಹ ಈ ದೋಣಿಗಳು ಹದಿನೈದಿಪ್ಪತ್ತು ಜನರನ್ನು ಹೊರುವುದನ್ನೂ, ನೆಟ್ಟಗೆ ಹೋಗದೆ ಸದಾ ಸುತ್ತುತ್ತಲೇ ಇರುವುದನ್ನೂ ಬರೆದಿಟ್ಟಿದ್ದಾನೆ. ಹರಿಗೋಲಿನ ತಳದಲ್ಲಿ ಚಾಚಿಕೊಂಡ ಅಂಗ ಯಾವುದೂ ಇಲ್ಲ. ಆದ್ದರಿಂದಲೇ ಬಂಡೆಯ ಮೇಲೆ ಗೇಣು ನೀರಿದ್ದರೂ ಅದು ಜಾರಿ ಮುಂದಕ್ಕೆ ಹೋಗುತ್ತದೆ.

ಇದೇ ಗುಣವನ್ನು ಎಂಜಿನ್ ದೋಣಿಗೆ ತರಲು ಹೊರಟವನು ನ್ಯೂಜಿಲೆಂಡಿನ ಕುರಿಸಾಕಣೆಗಾರನೂ ಯಂತ್ರಶಿಲ್ಪಿಯೂ ಆದ ಬಿಲ್ ಹ್ಯಾಮಿಲ್ಟನ್. ಅವನ ನಾಡಿನ ನದಿಗಳೂ ಆಳವಿಲ್ಲದವು, ಕಲ್ಲು ತುಂಬಿದವು. ದೋಣಿಯ ಹಿಂದೆ ತಿರುಗುವ ಪ್ರೊಪೆಲ್ಲರು ಅಲ್ಲಿ ಬಂಡೆಗೆ ಬಡಿದು ಮುರಿಯುತ್ತಿತ್ತು. 1950ರ ದಶಕದಲ್ಲಿ ಅವನು ಸಿದ್ಧಪಡಿಸಿದ ಜೆಟ್ ದೋಣಿಯಲ್ಲಿ ಚಕ್ರವು ಒಳಗೆ, ಕೊಳವೆಯಲ್ಲಿ ಅಡಗಿರುತ್ತದೆ. ತಳದ ಜಾಲರಿಯಿಂದ ನೀರನ್ನು ಹೀರಿ ಹಿಂದಿನ ಮೂತಿಯಿಂದ ರಭಸವಾಗಿ ಚಿಮ್ಮುತ್ತದೆ. ಆ ಚಿಮ್ಮುವಿಕೆಯೇ ದೋಣಿಯನ್ನು ಮುಂದಕ್ಕೆ ನೂಕುತ್ತದೆ. ಎವರೆಸ್ಟ್ ವೀರ ಎಡ್ಮಂಡ್ ಹಿಲರಿ 1977ರಲ್ಲಿ ಇಂಥ ಮೂರು ದೋಣಿಗಳನ್ನು ಭಾರತಕ್ಕೆ ತಂದು, ಬಂಗಾಳ ಕೊಲ್ಲಿಯ ಉಪ್ಪುನೀರಿನಿಂದ ಹೊರಟು ಗಂಗೆಯನ್ನು ಏರುತ್ತಾ ಹೋದನು. ನಂದಪ್ರಯಾಗದ ಬಳಿ ಜಲಪಾತವೊಂದು ತಡೆದಾಗಲಷ್ಟೇ ಆ ಜಲಯಾನ ನಿಂತಿತು. ಪ್ರವಾಹದಲ್ಲಿ ಮರದ ಕೊಂಬೆ, ಬೇಲಿಯ ಕಂಬ, ಮುಳುಗಿದ ಗೋಡೆಗಳ ಮೇಲೆ ಸಾಗಬೇಕಾದ ರಕ್ಷಣಾ ಕಾರ್ಯಕ್ಕೆ ಈ ಬಗೆಯ ದೋಣಿ ಏಕೆ ಒಪ್ಪುತ್ತದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಆದರೆ ಹೊಸ ದೋಣಿಯ ಬೆಲೆ ಎಲ್ಲರಿಗೂ ಎಟುಕುವುದಲ್ಲ. ಕರಾವಳಿಯಲ್ಲಿ ಕೆಲವು ವರ್ಷ ಓಡಿ, ಬಳಿಕ ಮೂಲೆ ಸೇರಿದ ದೋಣಿಯೊಂದನ್ನು ಕಡಿಮೆ ಬೆಲೆಗೆ ಕೊಂಡು ನಮ್ಮ ನದಿಗೆ ತರಬಹುದಲ್ಲವೇ ಎಂಬ ಆಲೋಚನೆ ಸಹಜವಾಗಿಯೇ ಹುಟ್ಟುತ್ತದೆ. ತರಬಹುದು. ಆದರೆ ಅದು ತನ್ನೊಂದಿಗೆ ಕಡಲಿನ ನಂಜನ್ನೂ ತರುತ್ತದೆ.

ಉಪ್ಪಿನಕಾಯಿಯ ಜಾಡಿಯಲ್ಲಿ ಕಬ್ಬಿಣದ ಚಮಚವನ್ನು ಬಿಡಬಾರದೆಂದು ನಮ್ಮ ಗೃಹಿಣಿಯರಿಗೆ ಯಾರೂ ಕಲಿಸಬೇಕಾಗಿಲ್ಲ. ಒಂದು ಲೀಟರು ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿದೆ. ಎಂಜಿನ್ನನ್ನು ತಣಿಸಲು ಈ ನೀರನ್ನು ನೇರವಾಗಿ ಅದರ ಒಡಲಿನೊಳಗೆ ಹರಿಸಿದಾಗ, ಬಿಸಿಯಾದ ಎಡೆಗಳಲ್ಲಿ ಲವಣವು ಗಸಿಯಾಗಿ ಕಟ್ಟಿಕೊಳ್ಳುತ್ತದೆ. ಎಂಜಿನ್ನು ನಿಂತರೂ ಉಪ್ಪು ಸುಮ್ಮನಿರುವುದಿಲ್ಲ. ಗಾಳಿಯ ತೇವವನ್ನು ಹೀರಿ ಲೋಹವನ್ನು ಸದಾ ಒದ್ದೆಯಾಗಿಡುತ್ತದೆ. ಉಕ್ಕಿನ ದಂಡ, ಅಲ್ಯೂಮಿನಿಯಮ್ಮಿನ ಕೋಶ, ಹೀಗೆ ಎರಡು ಬಗೆಯ ಲೋಹಗಳು ಉಪ್ಪುನೀರಿನಲ್ಲಿ ಕೂಡಿದರೆ ಅದೊಂದು ವಿದ್ಯುತ್ಕೋಶವೇ ಆಗಿ, ಹೆಚ್ಚು ಕ್ರಿಯಾಶೀಲವಾದ ಲೋಹ ಸವೆಯುತ್ತಾ ಹೋಗುತ್ತದೆ. ಓಡುವ ದೋಣಿಗಿಂತ ನಿಂತ ದೋಣಿಯೇ ಬೇಗ ಕೆಡುವುದು ಇದರಿಂದ.

ಇದನ್ನು ತಡೆಯಲು ದೋಣಿ ಕಟ್ಟುವವರು ಹೂಡಿರುವ ಉಪಾಯ ನಂಜನಗೂಡಿನವರಿಗೆ ಬಹು ಪರಿಚಿತವೆನಿಸೀತು. ತಳಕ್ಕೆ ಸತುವಿನ ಒಂದು ತುಂಡನ್ನು ಬಿಗಿದಿರುತ್ತಾರೆ. ಉಳಿದ ಲೋಹಗಳಿಗೆ ತಟ್ಟಬೇಕಾದ ಕೇಡನ್ನೆಲ್ಲ ಆ ತುಂಡು ತಾನೇ ನುಂಗಿ ಕರಗುತ್ತದೆ. ದೋಣಿಯ ಪಾಲಿನ ನಂಜುಂಡ ಅದು! ಆದರೆ ನಮ್ಮ ನಂಜುಂಡನಂತೆ ಅದು ಅಮರವಲ್ಲ. ಕರಗಿ ಮುಗಿದ ತುಂಡನ್ನು ಬದಲಿಸದಿದ್ದರೆ ಮರುದಿನದಿಂದಲೇ ಕೋಶ ಸವೆಯತೊಡಗುತ್ತದೆ. ಸಿಹಿನೀರಿನಲ್ಲಿ ಸತು ಚೆನ್ನಾಗಿ ಕೆಲಸ ಮಾಡದ ಕಾರಣ, ಕಪಿಲೆಗೆ ತಂದ ದೋಣಿಗೆ ಮೆಗ್ನೀಸಿಯಮ್ಮಿನ ತುಂಡನ್ನು ಹಾಕಬೇಕಾಗುತ್ತದೆ.

ಇನ್ನು ಚಿಕಿತ್ಸೆ. ಬಹುಕಾಲ ನಿಂತ ಎಂಜಿನ್ನಿನ ಕೀಲಿಯನ್ನು ಆತುರದಿಂದ ತಿರುಗಿಸಬಾರದೆಂಬುದು ಮೊದಲ ಪಾಠ. ಪಿಸ್ಟನ್ನಿನ ಬಳೆಗಳು ಸಿಲಿಂಡರಿನ ಗೋಡೆಗೆ ತುಕ್ಕಿನಿಂದ ಅಂಟಿಕೊಂಡಿದ್ದರೆ, ಬಲಾತ್ಕಾರದಿಂದ ಬಳೆ ಮುರಿಯುತ್ತದೆ, ಗೋಡೆ ಗೀರುತ್ತದೆ. ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, ತೆಳುವಾದ ಎಣ್ಣೆಯನ್ನು ಒಳಗೆ ಬಿಟ್ಟು, ಕೆಲವು ದಿನ ಕಾದು, ಸ್ಪ್ಯಾನರಿನಿಂದ ಕೈಯಲ್ಲಿಯೇ ಮೆಲ್ಲಗೆ ತಿರುಗಿಸಿ ನೋಡಬೇಕು. ಹಳೆಯ ಎಣ್ಣೆಯನ್ನು ಇಳಿಸಿದಾಗ ಅದು ಮಜ್ಜಿಗೆಯಂತೆ ಬೆಳ್ಳಗಿದ್ದರೆ ಒಳಗೆ ನೀರು ಸೇರಿದೆಯೆಂದು ತಿಳಿಯಬೇಕು. ಬಿಸಿಹೊಗೆ ಹೋಗುವ ಕೊಳವೆಗಳು ಹೊರಗೆ ಗಟ್ಟಿಯಾಗಿ ಕಂಡರೂ ಒಳಗಿನಿಂದ ತಿಂದುಹೋಗಿರುವುದುಂಟು. ಅವನ್ನು ಒತ್ತಡ ಕೊಟ್ಟು ಪರೀಕ್ಷಿಸದೆ ನಂಬಬಾರದು.

ನೀರು ಹರಿಯುವ ದಾರಿಗಳನ್ನು ಸಿಹಿನೀರಿನಿಂದ ಒಂದಲ್ಲ ಹಲವು ಸಲ ತೊಳೆಯಬೇಕು. ಕಬ್ಬಿಣದ ರಂಧ್ರಗಳಲ್ಲಿ ಹುದುಗಿದ ಉಪ್ಪು ಒಂದೇ ಸಲಕ್ಕೆ ಬಿಡುವುದಿಲ್ಲ. ನೆನೆಸಿ, ಚೆಲ್ಲಿ, ಮತ್ತೆ ನೆನೆಸಬೇಕು. ಕಟ್ಟಿಕೊಂಡ ಗಸಿಯನ್ನು ಕರಗಿಸಲು ಮೆದುವಾದ ಆಮ್ಲ ಸಾಕು. ಹಿತ್ತಾಳೆಯ ಪಾತ್ರೆಗೆ ಹುಣಸೆಹಣ್ಣು ಮಾಡುವ ಕೆಲಸವೇ ಇದು. ಹದ ಮೀರಿದರೆ ಅಲ್ಯೂಮಿನಿಯಂ ಕೂಡ ಕರಗೀತು. ತೊಳೆದ ಮೇಲೆ ಒಣಗಿಸಿ ಎಣ್ಣೆ ಸವರದಿದ್ದರೆ ಪಟ್ಟ ಶ್ರಮವೆಲ್ಲ ವ್ಯರ್ಥ. ಕೊನೆಗೆ ಜೆಟ್ಟಿನ ಚಕ್ರ. ಅದಕ್ಕೂ ಅದರ ಸುತ್ತಣ ಬಳೆಗೂ ನಡುವಿನ ಸಂದು ಒಂದು ಮಿಲಿಮೀಟರಿಗಿಂತ ಕಿರಿದು. ಸಂದು ಹಿಗ್ಗಿದರೆ ಎಂಜಿನ್ನು ಅಬ್ಬರಿಸುತ್ತದೆ, ದೋಣಿ ಮಾತ್ರ ಹೋಗುವುದಿಲ್ಲ. ಎಂಜಿನ್ನಿನ ಮುಖ್ಯ ಒಡಲೇ ತೂತಾಗಿದ್ದರೆ ಆಸೆ ಬಿಡುವುದು ಲೇಸು. ಉಳಿದುದೆಲ್ಲವನ್ನೂ ತಾಳ್ಮೆ ಗೆಲ್ಲಬಲ್ಲದು.

ಉಪ್ಪನ್ನು ಗೆದ್ದ ದೋಣಿಗೆ ನರಸೀಪುರದಲ್ಲಿ ಇನ್ನೊಬ್ಬ ವೈರಿ ಕಾದಿರುತ್ತಾನೆ, ಅವನೇ ಮರಳು. ಇಲ್ಲಿಂದ ಕೆಳಗೆ ತಲಕಾಡಿನಲ್ಲಿ ದೇವಾಲಯಗಳನ್ನೇ ಮುಚ್ಚಿದ ಕಾವೇರಿಯ ಮರಳಿಗೆ ಒಂದು ಚಕ್ರ ಯಾವ ಲೆಕ್ಕ? ಆಳವಿಲ್ಲದ ಕಡೆ ನೀರಿನೊಂದಿಗೆ ಮರಳನ್ನೂ ಹೀರುವ ಜೆಟ್ಟಿನಲ್ಲಿ ಚಕ್ರದ ಅಂಚು ಅರದಿಂದ ಉಜ್ಜಿದಂತೆ ಸವೆಯುತ್ತದೆ. ಮರಳ ದಿಬ್ಬಗಳ ಮೇಲೆ ನಿಂತು ಎಂಜಿನ್ನಿನ ವೇಗ ಏರಿಸಬಾರದು. ಋತುವಿಗೊಮ್ಮೆ ಸಂದನ್ನು ಅಳೆಯಬೇಕು.

ಇಷ್ಟೊಂದು ಕಟ್ಟುನಿಟ್ಟು ಏಕೆಂದರೆ, ಜೆಟ್ ದೋಣಿಗೆ ಪ್ರತ್ಯೇಕವಾದ ಚುಕ್ಕಾಣಿಯಿಲ್ಲ. ಚಿಮ್ಮುವ ನೀರನ್ನು ಎಡಬಲಕ್ಕೆ ತಿರುಗಿಸಿಯೇ ಅದು ದಾರಿ ಹಿಡಿಯುತ್ತದೆ. ಎಂಜಿನ್ನು ನಿಂತ ಕ್ಷಣವೇ ದಾರಿಯೂ ತಪ್ಪುತ್ತದೆ. ಮನೆಯ ಮಾಳಿಗೆಯಿಂದ ಇಳಿಸಿಕೊಂಡ ಮಕ್ಕಳೂ ಮುದುಕರೂ ದೋಣಿಯಲ್ಲಿರುವಾಗ, ತುಂಬಿದ ಕಪಿಲೆಯ ನಡುವೆ ಅಂಥ ಒಂದು ಕ್ಷಣ ಬಂದರೆ ಏನು ಗತಿ? ಆ ಕ್ಷಣ ಬಾರದಂತೆ ಮಾಡಬೇಕಾದ ಕೆಲಸ ಆಗಸ್ಟಿನದಲ್ಲ, ಆಕಾಶ ನಿರ್ಮಲವಾಗಿರುವ ಮಾಘ ಫಾಲ್ಗುಣಗಳದು. ತಿಂಗಳಿಗೊಮ್ಮೆ ನೀರಿಗಿಳಿಸಿ ಓಡಿಸುವುದು, ಎಣ್ಣೆ ನೋಡುವುದು, ಸವೆದ ತುಂಡನ್ನು ಬದಲಿಸುವುದು, ಇವು ಹೆಸರು ತರುವ ಕೆಲಸಗಳಲ್ಲ. ಆದರೆ ಜೀವ ಉಳಿಸುವ ಕೆಲಸಗಳು.

ಇದನ್ನು ಹರಿಗೋಲಿನವರು ಎಂಜಿನ್ನು ಹುಟ್ಟುವ ಮುನ್ನವೇ ಅರಿತಿದ್ದರು. ಸಂಗಮಕ್ಕೆ ಹೋದವರು ದಂಡೆಯ ಮೇಲೆ ಕವಿಚಿ ಹಾಕಿದ ಹರಿಗೋಲುಗಳನ್ನು ಕಂಡರೆ ಒಂದು ಗಳಿಗೆ ನಿಂತು ನೋಡಬೇಕು. ಕೆಲಸ ಮುಗಿದೊಡನೆ ನೀರಿನಿಂದ ಎತ್ತಿ, ಒಣಗಲು ಬಿಟ್ಟು, ಬಿರುಕು ಕಂಡಲ್ಲಿ ಹೊಸ ಡಾಂಬರು ಬಳಿದಿರುತ್ತಾರೆ. ದೋಣಿ ಬಿದಿರಿನದಾಗಲಿ ಅಲ್ಯೂಮಿನಿಯಮ್ಮಿನದಾಗಲಿ, ಅದನ್ನು ಉಳಿಸುವುದು ಈ ದಿನನಿತ್ಯದ ಕೈಕೆಲಸವೇ.