ಹಾಯಿಯ ಹಗ್ಗ

ಬೊರಿವಲಿಯ ನಿವಾಸಿಗಳಾದ ನಮಗೆ ಸಮುದ್ರವು ನೆರೆಮನೆಯಂತಿದ್ದರೂ ಅದರ ಪರಿಚಯವು ಅಷ್ಟಕ್ಕಷ್ಟೆ. ಲೋಕಲ್ ಗಾಡಿಯ ವೇಳಾಪಟ್ಟಿಯನ್ನು ನಿದ್ದೆಯಲ್ಲಿಯೂ ಒಪ್ಪಿಸಬಲ್ಲ ನಾವು, ಗಾಳಿಯು ಯಾವ ಹೊತ್ತಿನಲ್ಲಿ ಯಾವ ದಿಕ್ಕಿನಿಂದ ಬೀಸುವುದೆಂದು ಯಾರಾದರೂ ಕೇಳಿದರೆ ಪರಸ್ಪರ ಮುಖ ನೋಡಿಕೊಳ್ಳುವೆವು. ಊರಿನ ಪಶ್ಚಿಮಕ್ಕೆ ಕಾಂಡ್ಲಾ ಗಿಡಗಳ ನಡುವೆ ಗೋರಾಯಿ ಖಾಡಿಯಿದೆ. ಅದನ್ನು ಯಂತ್ರದ ದೋಣಿಯಲ್ಲಿ ದಾಟಿದರೆ ಗೋರಾಯಿ ಗ್ರಾಮ. ಅದರಾಚೆ ಅರಬ್ಬೀ ಸಮುದ್ರ. ಕಳೆದ ಡಿಸೆಂಬರಿನ ರಜೆಯಲ್ಲಿ ನಾವು ಐದು ಮಂದಿ ಸಹಪಾಠಿಗಳು ಅಲ್ಲಿಗೆ ಹೋಗಿ, ಒಂದು ಪುಟ್ಟ ಹಾಯಿದೋಣಿಗೆ ಹಗ್ಗ ಪೋಣಿಸುವ ಕೆಲಸವನ್ನು ಕಲಿತು ಬಂದೆವು. ಹಗ್ಗ ಪೋಣಿಸುವುದರಲ್ಲಿ ಕಲಿಯುವುದೇನಿದೆ ಎಂದು ಓದುಗ ಮಿತ್ರರು ಕೇಳಬಹುದು. ಅದನ್ನು ತಿಳಿಸುವುದಕ್ಕಾಗಿಯೇ ಈ ಲೇಖನ.

ದೋಣಿಯು ನಮ್ಮ ಬೀದಿಯ ಒಬ್ಬ ತರುಣನದು. ನಮ್ಮೊಡನೆ ಸಹಪಾಠಿಯೊಬ್ಬನ ಅಜ್ಜಯ್ಯನವರೂ ಬಂದಿದ್ದರು. ಅವರು ಗಂಗೊಳ್ಳಿಯ ಕಡೆಯವರು. ಎಳೆಯ ಪ್ರಾಯದಲ್ಲಿ ಹಾಯಿ ಕಟ್ಟಿ ಕಡಲಿಗಿಳಿದು, ಮೀನು ಹಿಡಿದು ಬದುಕಿದವರು. ಯಂತ್ರದೋಣಿಗಳು ಬಂದ ಮೇಲೆ ಮುಂಬಯಿಯನ್ನು ಸೇರಿದವರು. ಮೊಮ್ಮಗನು ದೋಣಿಯನ್ನೇರುವನೆಂದು ಕೇಳಿ, ಬೇಡವೆನ್ನಲಿಲ್ಲ. ತಾವೂ ಬರುವೆನೆಂದರು, ಅಷ್ಟೆ.

ಆ ದೋಣಿಯ ಜಾತಿಗೆ ಇಂಗ್ಲಿಷಿನಲ್ಲಿ ಕ್ಯಾಟಮರಾನ್ ಎಂದು ಹೆಸರು. ಕಿವಿಗೆ ಪರಕೀಯವೆನಿಸುವ ಈ ಮಾತು ಹುಟ್ಟಿದ್ದು ತಮಿಳಿನ ‘ಕಟ್ಟುಮರ’ದಿಂದ. ಕಟ್ಟು, ಮರ, ಇವೆರಡೂ ನಮ್ಮ ನುಡಿಯ ಮಾತುಗಳೂ ಅಹುದಷ್ಟೆ! ಮರದ ದಿಮ್ಮಿಗಳನ್ನು ಹಗ್ಗದಿಂದ ಬಿಗಿದು ಮಾಡುವ ತೆಪ್ಪಕ್ಕೆ ಚೋಳಮಂಡಲ ತೀರದಲ್ಲಿ ಆ ಹೆಸರಿತ್ತು. ವಿಲಿಯಂ ಡ್ಯಾಂಪಿಯರ್ ಎಂಬ ಆಂಗ್ಲ ನಾವಿಕನು 1697ರಲ್ಲಿ ಪ್ರಕಟಿಸಿದ ಪ್ರವಾಸಗ್ರಂಥದಲ್ಲಿ ಅದನ್ನು ದಾಖಲಿಸಿದನು. ಮುಂದೆ ಶಾಂತಸಾಗರದ ದ್ವೀಪವಾಸಿಗಳ ಜೋಡಿ ಒಡಲಿನ ದೋಣಿಗಳಿಗೂ ಅದೇ ಹೆಸರು ಅಂಟಿಕೊಂಡಿತು. 1876ರಲ್ಲಿ ಅಮೆರಿಕದ ನಥಾನಿಯಲ್ ಹೆರೆಷಾಫ್ ಎಂಬಾತನು ಇಂಥದೊಂದು ದೋಣಿಯನ್ನು ಕಟ್ಟಿ, ನ್ಯೂಯಾರ್ಕಿನ ಪಂದ್ಯದಲ್ಲಿ ಇತರರನ್ನೆಲ್ಲ ಹಿಂದಿಕ್ಕಿದಾಗ, ಅವರು ಅದರ ವೇಗವನ್ನು ಸಹಿಸಲಾರದೆ ಅದು ಪಂದ್ಯಕ್ಕೆ ಅನರ್ಹವೆಂದು ಆಕ್ಷೇಪಿಸಿದರು. ನಾವು ಕಂಡ ದೋಣಿಯು 16 ಅಡಿಗೆ ತುಸು ಹೆಚ್ಚು ಉದ್ದವಾಗಿಯೂ, ಸುಮಾರು 8 ಅಡಿ ಅಗಲವಾಗಿಯೂ ಇದ್ದಿತು. ಎರಡು ತೆಳುವಾದ ಒಡಲುಗಳು; ಅವುಗಳ ನಡುವೆ ಬಿಗಿದು ಕಟ್ಟಿದ ದಪ್ಪ ಬಟ್ಟೆಯ ಹಾಸು; ಮಧ್ಯದಲ್ಲಿ ಕೂವೆಮರ; ಅದರ ಹಿಂದೆ ದೊಡ್ಡ ಹಾಯಿ, ಮುಂದೆ ಜಿಬ್ ಎನಿಸಿಕೊಳ್ಳುವ ಚಿಕ್ಕ ಮುಂಹಾಯಿ.

ಈ ಮುಂಹಾಯಿಯನ್ನು ಆಳುವ ಹಗ್ಗಕ್ಕೆ ಇಂಗ್ಲಿಷಿನವರು ‘ಶೀಟ್’ ಎನ್ನುವರು. ಶೀಟ್ ಎಂದರೆ ಬಟ್ಟೆಯೆಂದೋ ಹಾಳೆಯೆಂದೋ ತಿಳಿದಿದ್ದ ನಮಗೆ ಇದು ವಿಚಿತ್ರವೆನಿಸಿತು. ಹಾಯಿಯ ಕೆಳಮೂಲೆಗೆ ಹಳೆಯ ಇಂಗ್ಲಿಷಿನಲ್ಲಿದ್ದ ಒಂದು ಹೆಸರಿನಿಂದ ಈ ಮಾತು ಬಂದುದಂತೆ. ಮೂಲೆಯ ಹೆಸರು ಮೂಲೆಗೆ ಕಟ್ಟಿದ ಹಗ್ಗಕ್ಕೆ ನಿಂತಿತು. ಅಜ್ಜಯ್ಯನವರು ಮಾತ್ರ ಅದನ್ನು ಬರಿಯ ‘ಹಗ್ಗ’ವೆಂದರು. ದೋಣಿಯಲ್ಲಿ ಹತ್ತಾರು ಹಗ್ಗಗಳಿದ್ದರೂ, ಹೆಸರು ಹೇಳದೆ ಹಗ್ಗವೆಂದರೆ ಹಾಯಿಯ ಹಗ್ಗವೇ ಎಂಬುದು ಅವರ ಲೆಕ್ಕ.

ಮೊದಲು ದೋಣಿಯ ಮೂತಿಯನ್ನು ಗಾಳಿಗೆ ಎದುರಾಗಿ ನಿಲ್ಲಿಸಬೇಕು. ಹಾಗೆ ನಿಲ್ಲಿಸಿದರೆ ಹಾಯಿಯು ಗಾಳಿಯನ್ನು ತುಂಬಿಕೊಳ್ಳದೆ ಬಾವುಟದಂತೆ ಬಡಿದುಕೊಳ್ಳುತ್ತಿರುವುದು. ಮುಂಹಾಯಿಯ ಹಿಂದಿನ ಕೆಳಮೂಲೆಯಲ್ಲಿ ಎಡಕ್ಕೊಂದು ಬಲಕ್ಕೊಂದು ರಾಟೆಗಳಿವೆ. ನಮ್ಮ ಮರಾಠಿ ನೆರೆಯವರು ಇದಕ್ಕೆ ಕಪ್ಪಿ ಎನ್ನುವರು. ಕೆಳಗೆ ದೋಣಿಯ ಮುಂದಿನ ಅಡ್ಡತೊಲೆಯ ಮೇಲೆ, ಎರಡು ಪಕ್ಕದಲ್ಲಿಯೂ ಇನ್ನೊಂದೊಂದು ರಾಟೆ. ಅದರ ಬದಿಯಲ್ಲಿ ಹಲ್ಲುಗಳುಳ್ಳ ಎರಡು ಪುಟ್ಟ ದವಡೆಗಳು. ಹಗ್ಗದ ಒಂದು ತುದಿಯನ್ನು ಎಡಗಡೆಯ ಕೆಳರಾಟೆಯ ಕೊಂಡಿಗೆ ಕಟ್ಟಿ, ಮೇಲೆ ಒಯ್ದು, ಹಾಯಿಯ ಎಡರಾಟೆಯಲ್ಲಿ ತೂರಿಸಿ, ಕೆಳಕ್ಕೆ ತಂದು, ಕೆಳರಾಟೆಯಲ್ಲಿ ಹಾಯಿಸಿ ದವಡೆಗಳ ನಡುವೆ ಹೊರಗೆಳೆಯಬೇಕು. ಅನಂತರ ಅದನ್ನು ಕೂವೆಮರದ ಹಿಂದಿನಿಂದ ಹಾಸಿನ ಮೇಲೆ ಬಲಕ್ಕೆ ದಾಟಿಸಿ, ಅಲ್ಲಿ ಇದೇ ದಾರಿಯನ್ನು ಹಿಂದುಮುಂದಾಗಿ ನಡೆಸಿ, ಕೊನೆಯ ತುದಿಯನ್ನು ಬಲಗಡೆಯ ಕೊಂಡಿಗೆ ಕಟ್ಟಬೇಕು. ಎರಡು ಪಕ್ಕಕ್ಕೂ ಒಂದೇ ಹಗ್ಗ. ಆದ್ದರಿಂದ ತುದಿಯು ಕೈತಪ್ಪಿ ನೀರಿಗೆ ಜಾರುವ ಭಯವಿಲ್ಲ. ಒಂದು ಪಕ್ಕವನ್ನು ಎಳೆಯಬೇಕಾದರೆ ಇನ್ನೊಂದು ಪಕ್ಕವು ಸಡಿಲವಾಗಿರಲೇಬೇಕು.

ವಿಜ್ಞಾನದ ತರಗತಿಯಲ್ಲಿ ಓದಿದ ಚಲಿಸುವ ರಾಟೆಯು ಇಲ್ಲಿ ನಮಗೆ ಕಣ್ಣಾರೆ ಕಾಣಸಿಕ್ಕಿತು. ಹಾಯಿಯೊಡನೆ ಓಲಾಡುವ ಮೇಲಿನ ರಾಟೆಯೇ ಅದು. ಹಾಯಿಯ ಮೂಲೆಯು ಒಂದು ಮೊಳ ಹತ್ತಿರ ಬರಬೇಕಾದರೆ ನಾವು ಎರಡು ಮೊಳ ಹಗ್ಗ ಎಳೆಯಬೇಕು. ಆದರೆ ಅದಕ್ಕೆ ಬೇಕಾಗುವ ಬಲವು ಸುಮಾರು ಅರ್ಧದಷ್ಟೇ. ಪರೀಕ್ಷೆಗೆಂದು ಬಾಯಿಪಾಠ ಮಾಡಿದ ಸೂತ್ರವು ಅಂಗೈಯನ್ನು ಉಜ್ಜಿ ಕೆಂಪಾಗಿಸಿದಾಗ ಆದ ಸಂತೋಷವೇ ಬೇರೆ.

ದವಡೆಗಳ ಕೆಲಸವೇನೆಂದು ತರುಣನು ವಿವರಿಸಿದನು. ಎಳೆದ ಹಗ್ಗವನ್ನು ಅವು ಕಚ್ಚಿ ಹಿಡಿಯುವುವು. ಮೇಲಕ್ಕೆ ಚಿಮ್ಮಿದರೆ ಬಿಡುವುವು. ಅಷ್ಟು ಹೊತ್ತೂ ಮೌನವಾಗಿ ಕುಳಿತಿದ್ದ ಅಜ್ಜಯ್ಯನವರು ಆಗ ಎದ್ದು ಬಂದರು. ತಮ್ಮ ಕಾಲದ ದೋಣಿಯಲ್ಲಿ ಇಂಥ ದವಡೆ ಇರಲಿಲ್ಲವೆಂದೂ, ಹಾಯಿಯ ಹಗ್ಗವನ್ನು ಕೈಯಲ್ಲಿಯೇ ಹಿಡಿಯುತ್ತಿದ್ದರೆಂದೂ ಹೇಳಿದರು. ಅವರ ಅಣ್ಣನು ಒಂದು ಸಂಜೆ ಗಂಜಿಯುಣ್ಣುವಷ್ಟು ಹೊತ್ತಿಗೆಂದು ಅದನ್ನು ಅಡ್ಡಮರಕ್ಕೆ ಗಂಟು ಹಾಕಿದನಂತೆ. ಅಷ್ಟರಲ್ಲಿ ಗಾಳಿಯು ಹಠಾತ್ತನೆ ಬಲಿಯಿತು. ನೆನೆದು ಬಿಗಿದುಕೊಂಡ ನಾರಿನ ಹಗ್ಗದ ಗಂಟು ಬಿಚ್ಚಲಿಲ್ಲ. ಕತ್ತಿಯು ಕೈಗೆ ಸಿಕ್ಕುವ ಮೊದಲೇ ದೋಣಿಯು ಮಗುಚಿತು. ಅಜ್ಜಯ್ಯನವರು ಈಜಿ ದಡ ಸೇರಿದರು, ಅಣ್ಣನು ಸೇರಲಿಲ್ಲ. ಮೊಮ್ಮಗನು ಈ ಸಂಗತಿಯನ್ನು ಕೇಳಿದ್ದು ಅಂದೇ ಮೊದಲು.

ಬಳಿಕ ಅವರು ಹಾಸಿನ ಬಳಿ ಮಂಡಿಯೂರಿ, ಹಗ್ಗವನ್ನು ದವಡೆಗೆ ಕಚ್ಚಿಸಿ, ಚಿಮ್ಮಿ ಬಿಡಿಸಿ, ಮತ್ತೆ ಕಚ್ಚಿಸಿ, ಮತ್ತೆ ಬಿಡಿಸಿ ನೋಡತೊಡಗಿದರು. ಎಡಗಡೆಯದು ಪ್ರತಿ ಸಲವೂ ಒಡನೆಯೇ ಬಿಟ್ಟಿತು. ಬಲಗಡೆಯದು ನಾಲ್ಕನೆಯ ಸಲ ತಡೆದು ಬಿಟ್ಟಿತು. ಹಲ್ಲುಗಳ ಸಂದಿಯಲ್ಲಿ ಮರಳು ಸೇರಿದ್ದಿತು. ತರುಣನು ಇದೇನೂ ದೊಡ್ಡದಲ್ಲವೆಂದನು. ಅಜ್ಜಯ್ಯನವರು ವಾದಿಸಲಿಲ್ಲ. ನಾವು ಕುಡಿಯಲು ತಂದಿದ್ದ ನೀರನ್ನು ಬೇಡಿ ಪಡೆದು, ದವಡೆಯನ್ನು ತೊಳೆದು, ಒರಸಿ, ಇನ್ನೂ ಹತ್ತು ಸಲ ಪರೀಕ್ಷಿಸಿದ ಮೇಲೆಯೇ ಮೊಮ್ಮಗನಿಗೆ ಏರಲು ಸನ್ನೆ ಮಾಡಿದರು. “ಹಿಡ್ಕಂಬುದ್ ಎಲ್ಲರಿಗೂ ಬತ್ತ್ ಮಗಾ, ಬಿಡುಕೆ ಕಲೀಕ್” ಎಂದರು. ಹಿಡಿದುಕೊಳ್ಳುವುದು ಎಲ್ಲರಿಗೂ ಬರುತ್ತದೆ, ಬಿಡುವುದನ್ನು ಕಲಿಯಬೇಕು ಎಂದು ಅದರ ಅರ್ಥ.

ಮಧ್ಯಾಹ್ನದ ವಾಯವ್ಯ ಗಾಳಿಯು ಎದ್ದಿತ್ತು. ತೇಲುವ ಅಂಗಿ ತೊಟ್ಟು ತರುಣನೂ ನಮ್ಮ ಗೆಳೆಯನೂ ಹೊರಟರು. ಒಬ್ಬನು ಚುಕ್ಕಾಣಿಗೆ, ಒಬ್ಬನು ಮುಂಹಾಯಿಯ ಹಗ್ಗಕ್ಕೆ. ಜೋಡಿ ಒಡಲಿನ ದೋಣಿಯು ಗಾಳಿಗೆದುರಾಗಿ ತಿರುಗುವಾಗ ಆಲಸ್ಯ ತೋರುವುದು. ಆಗ ಹಗ್ಗವನ್ನು ತಕ್ಷಣ ಬಿಡಲಾಗದು. ಹಾಯಿಯು ಒಂದು ಕ್ಷಣ ಹಿಮ್ಮುಖವಾಗಿ ಉಬ್ಬಿ ದೋಣಿಯ ಮೂತಿಯನ್ನು ಆಚೆಗೆ ತಳ್ಳುವವರೆಗೆ ಕಾದು, ತಳ್ಳಿದೊಡನೆ ಬಿಟ್ಟು, ಇನ್ನೊಂದು ಪಕ್ಕವನ್ನು ಎಳೆಯಬೇಕು. ಬೇಗ ಬಿಟ್ಟರೆ ದೋಣಿಯು ತಿರುಗದು. ತಡವಾಗಿ ಬಿಟ್ಟರೆ ಮುಂದೆ ಸಾಗದು. ಮೂರನೆಯ ತಿರುವಿನ ತರುವಾಯ ಗಾಳಿಯು ಒಮ್ಮೆಲೆ ಬೀಸಿ, ಒಂದು ಒಡಲು ನೀರಿನಿಂದ ಮೇಲೆದ್ದು, ಇನ್ನೊಂದರ ಮೂತಿಯು ಅಲೆಯೊಳಗೆ ಹೊಕ್ಕಿತು. ದಡದಲ್ಲಿ ನಾವು ಉಸಿರು ಬಿಗಿಹಿಡಿದೆವು. ಗೆಳೆಯನ ಕೈಯು ಮೇಲಕ್ಕೆ ಚಿಮ್ಮಿದುದು ಕಾಣಿಸಿತು. ಮುಂಹಾಯಿಯು ಪಟಪಟನೆ ಬಡಿದುಕೊಂಡಿತು. ದೋಣಿಯು ಸಮನಾಗಿ ಕುಳಿತಿತು. ಆಗ ಅವನ ಕೈಯಲ್ಲಿದ್ದುದು ಬಲಗಡೆಯ ಹಗ್ಗ.

ಅಜ್ಜಯ್ಯನವರು ಏನೂ ಹೇಳಲಿಲ್ಲ. ತೊಡೆಯ ಮೇಲಿದ್ದ ಅವರ ಬಲಗೈಯೂ ಅದೇ ಗಳಿಗೆಯಲ್ಲಿ ಮೇಲಕ್ಕೆ ಚಿಮ್ಮಿದ್ದನ್ನು ಮಾತ್ರ ನಾವು ನೋಡಿದೆವು.

ಹಾಯಿದೋಣಿಯ ಆಟವು ಶ್ರೀಮಂತರದೆಂದು ನಮ್ಮಲ್ಲಿ ಅನೇಕರ ಎಣಿಕೆ. 1982ರ ಏಷ್ಯನ್ ಕ್ರೀಡಾಕೂಟವು ದೆಹಲಿಯಲ್ಲಿ ನಡೆದಾಗ ಹಾಯಿದೋಣಿಯ ಪಂದ್ಯಗಳು ನಡೆದದ್ದು ಈ ನಮ್ಮ ಮುಂಬಯಿಯ ಕಡಲಿನಲ್ಲಿಯೇ. ಆದರೆ ಆಟಕ್ಕಿಂತ ಮುಂಚೆ ಅದು ಅನ್ನದ ವಿದ್ಯೆಯಾಗಿದ್ದಿತು. ಅದನ್ನು ಬಲ್ಲ ಹಿರಿಯರು ನಮ್ಮ ಕನ್ನಡ ಮನೆಗಳಲ್ಲಿಯೇ ಇನ್ನೂ ಕೆಲವರು ಇದ್ದಾರು. ಯಾರೂ ಕೇಳದ ಕಾರಣ ಅವರು ಹೇಳಿರಲಾರರು. ವಿದ್ಯಾರ್ಥಿ ಬಂಧುಗಳೇ, ಮನೆಯ ಹಿರಿಯರನ್ನು ಒಮ್ಮೆ ಕೇಳಿರಿ. ಮುಂದೆ ಎಂದಾದರೂ ಖಾಡಿಯನ್ನು ದಾಟುವಾಗ, ದೋಣಿಯನ್ನು ಜೆಟ್ಟಿಗೆ ಕಟ್ಟುವ ತಾಂಡೇಲನ ಕೈಯನ್ನೂ ಗಮನಿಸಿರಿ. ಅವನು ಹಗ್ಗ ಕಟ್ಟುವ ರೀತಿಯನ್ನಷ್ಟೇ ಅಲ್ಲ, ಬಿಚ್ಚುವ ರೀತಿಯನ್ನೂ ನೋಡಿರಿ.